ಹಸಿರು ಟ್ಯಾಗಿನ ಗಂಟು

ಹಣೆಯ ಬೆವರು ಕಣ್ಣಿಗಿಳಿಯುತ್ತಿದೆ, ಜನವರಿಯಲ್ಲಿ ಬೆವರೇ, ಕಿಟಕಿಯಾಚೆ ದಿಲ್ಲಿಯ ಲೋಧಿ ಕಾಲೋನಿಯ ಬೇವಿನ ಮರವೂ ಕಾಣದಷ್ಟು ಮಂಜು, ಅಮ್ಮ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದಾಳೆ, ನಾರಾಯಣಸ್ವಾಮಿಗೆ ಮಾತ್ರ ಮುಖ ಕಾದು, ತಲೆಯೊಳಗೆ ಒನಕೆ ಬಿದ್ದ ಹಾಗೆ — ಧಡ್, ಧಡ್ — ಇದು ಬರೀ ತಲೆನೋವಲ್ಲ, ಇದಕ್ಕೊಂದು ಹೆಸರಿತ್ತು, ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಕತ್ತಿನ ಮೂಳೆ ಮುರಿದ ವರ್ಷ, ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಏನು ಮಾಡಬೇಕೆಂದು ಬರೆದ ಒಂದು ಕಾರ್ಡು ಚಾಚಿ, ಅವನ ಬೆರಳು ಮಡಿಚುವುದಿಲ್ಲವೆಂದು ನೆನಪಾಗಿ ಹೆಂಡತಿ ಉಷಾಳ ಕೈಗೆ ಕೊಟ್ಟು, ಕತ್ತಿನಿಂದ ಕೆಳಗೆ ಎಲ್ಲಿ ತೊಂದರೆಯಾದರೂ ಇವರ ಮೈಗೆ ಗೊತ್ತಾಗುವುದಿಲ್ಲ, ರಕ್ತದೊತ್ತಡ ಏರಿ ತಲೆಗೆ ಬರುತ್ತದೆ, ನಿಮಿಷಗಳಲ್ಲಿ ಜೀವಕ್ಕೇ ಅಪಾಯ, ಇದನ್ನು ಮಂಚದ ಪಕ್ಕದ ಗೋಡೆಗೆ ಅಂಟಿಸಿ ಎಂದಿದ್ದರು. ಗೋಡೆಗೆ ಕಾಗದ ಅಂಟಿಸುವುದೇ, ಇಪ್ಪತ್ತೆರಡು ವರ್ಷ ಸಚಿವಾಲಯದ ಫೈಲು ನೋಡಿಕೊಂಡವನ ಮನೆಯಲ್ಲಿ, ತೂತು ಹೊಡೆಸಿ, ಫೈಲು ಕಟ್ಟುವ ಹಸಿರು ದಾರದ ಟ್ಯಾಗ್ ಹಾಕಿಸಿ, ಪುಟ ನಲವತ್ತೊಂದು, ಬೀರುವಿನ ಎರಡನೇ ಖಾನೆ — ಪುಟದ ನಂಬರು ನೆನಪಿದೆ, ಪುಟದಲ್ಲಿ ಇದ್ದದ್ದು ನೆನಪಿಲ್ಲ, ಬೀಗದ ಕೈ ಉಷಾಳ ಬ್ಯಾಗಿನಲ್ಲಿ, ಉಷಾ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ, ಭಲೇ ಗುಮಾಸ್ತ.

ಅಮ್ಮ ಹಣೆಗೆ ಅಮೃತಾಂಜನ ತಿಕ್ಕಿ, ಮಲಕ್ಕೋ ನಾಣಿ, ಕಣ್ಣು ಮುಚ್ಚು, ಸರಿಹೋಗತ್ತೆ, ಮಂಚದ ಹಿಡಿ ತಿರುಗಿಸಿ ತಲೆಯ ಕಡೆ ಇಳಿಸುತ್ತಾಳೆ, ಇಳಿದಷ್ಟೂ ಒನಕೆ ಜೋರು, ಧಡ್, ಧಡ್, ಆಸ್ಪತ್ರೆಯಲ್ಲಿ ಯಾರೋ ಹಿಂದಿಯಲ್ಲಿ ಹೇಳಿದ್ದರು, ಪೆಹಲೇ ಬಿಠಾಯಿಯೇ — ಹೌದು, ಅದೇ, ಮೊದಲು ಕೂರಿಸಿ — ಅಮ್ಮ, ಮಲಗಿಸಬೇಡ, ಎತ್ತು, ಪೂರ್ತಿ ಎತ್ತು, ಆಮೇಲೆ, ಆಮೇಲೇನು, ಎರಡನೆಯದು ಉಚ್ಚೆಯ ಚೀಲ, ಅಮ್ಮ, ಕೆಳಗೆ ಚೀಲದಲ್ಲಿ ಎಷ್ಟಿದೆ ನೋಡು, ಏನೂ ಇಲ್ವಲ್ಲೋ, ಉಷಾ ಚೆಲ್ಲಿ ಹೋದಮೇಲೆ ಒಂದು ಹನೀನೂ ಬಂದಿಲ್ಲ. ಒಂದು ಹನಿಯೂ, ಮಹಂತೇಶನ ಜೊತೆ ಎರಡು ಲೋಟ ಚಹಾ ಕುಡಿದಿದ್ದಾನೆ, ಆಫೀಸಿನ ಸೆಕ್ಷನ್ನಿನ ಮಹಂತೇಶ ಬೆಳಿಗ್ಗೆ ಇವನ ರಜೆಯ ಅರ್ಜಿ ಹಿಡಿದು ಬಂದಿದ್ದ, ನೀವಿಲ್ದೆ ಒಂದು ಫೈಲೂ ಸಿಗಲ್ಲ ಸಾರ್, ಅವನು ಬರುವ ಮುಂಚೆ ನಾರಾಯಣಸ್ವಾಮಿಯೇ ಹೇಳಿದ್ದ, ಅಮ್ಮ, ಆ ಉಚ್ಚೆಯ ನಳಿಗೆ ನೇತಾಡಬಾರದು, ಮೇಜಿನ ಮೇಲಿನ ಟ್ಯಾಗ್ ತೊಗೊ, ನಳಿಗೆ ಮಡಿಚಿ ಮಂಚದ ಸರಳಿಗೆ ಕಟ್ಟು, ಎರಡು ಸುತ್ತು, ಎಳಿ, ಇನ್ನೂ ಬಿಗಿಯಾಗಿ — ಎಷ್ಟು ಗುಮಾಸ್ತರಿಗೆ ಕಲಿಸಿದ ಗಂಟು, ಬಿಚ್ಚಿತೆಂಬ ದೂರೇ ಇಲ್ಲದ ಗಂಟು.

ಅಮ್ಮ, ಟ್ಯಾಗ್ ಬಿಚ್ಚು. ರಜಾಯಿ ಸರಿಯುತ್ತದೆ, ಮಡಿಚಿ ಮುಚ್ಚಿಹೋದ ನಳಿಗೆ, ಅದರ ಮೇಲೆ ಹಸಿರು, ಅಮ್ಮನ ಊದಿದ ಬೆರಳು ಜಾರುತ್ತದೆ, ಮತ್ತೆ ಜಾರುತ್ತದೆ, ಕತ್ತರಿ ಎಲ್ಲೋ ನಾಣಿ, ಕತ್ತರಿಯೂ ಬೀರುವಿನಲ್ಲೇ, ಎರಡನೇ ಖಾನೆ, ಧಡ್, ಅವನಿಗೆ ಭಯವಾಗುತ್ತಿದೆ, ಐವತ್ತಾಗುವ ಮೊದಲೇ ಸಾಯಲು ಭಯ, ಅಮ್ಮ ಮಂಡಿಯೂರಿ ಬಗ್ಗುತ್ತಾಳೆ, ಚಿಕ್ಕವನಿದ್ದಾಗ ಶಾಲೆಯಿಂದ ಓಡಿಬಂದು ಒಂದೇ ಕಾಲಲ್ಲಿ ಕುಣಿಯುತ್ತಾ ನಿಲ್ಲುತ್ತಿದ್ದ, ಚಡ್ಡಿಯ ಲಾಡಿ ಗಂಟುಬಿದ್ದು, ಅಮ್ಮಾ ತಡಿಯಕ್ಕಾಗಲ್ಲ, ಆಗಲೂ ಹೀಗೇ ಬಗ್ಗಿ, ಹೀಗೇ ಹಲ್ಲಿನಲ್ಲಿ ಕಚ್ಚಿ, ಆಗ ಬಾಯಿತುಂಬ ಹಲ್ಲಿದ್ದವು, ಈಗ ನಾಲ್ಕು, ನಾಲ್ಕರ ನಡುವೆ ಹಸಿರು ಟ್ಯಾಗ್, ತಗಡಿನ ತುದಿ ಅವಳ ಗಲ್ಲಕ್ಕೆ ತಾಗಿ ಅಲ್ಲಾಡುತ್ತಿದೆ, ಹಸಿರು ಟ್ಯಾಗ್, ಅಮ್ಮನ ಹಲ್ಲು, ಹಸಿರು ಟ್ಯಾಗ್