ಉಸಿರು ಒರೆಸಿದ ಹಾಡು

ಸಿಂದಗಿಯಲ್ಲಿ ಯಾವ ಆಟೋ ಮೈಕು ಕಟ್ಟಿಕೊಂಡು ಸೀರೆ ಸೇಲು ಸಾರುತ್ತ ಹೋದರೂ ಒಳಗಿನ ಧ್ವನಿ ದಾವಲಮಲಿಕನದೇ. ಗಂಡ, ಹೆಂಡತಿ, ಹಟ ಹಿಡಿದ ಕೂಸು ಮೂರೂ ಅವನೇ. ಬಿ.ಎ. ಪಾಸಾದ ಗಂಟಲು. ಊರಿಗೆಲ್ಲ ಅವನು ಮಿಮಿಕ್ರಿ ಮಲಿಕ. ಆದರೆ ‘ಎರಿಹೊಲ’ ಎಂಬ ರಾಕ್ ಕ್ಯಾಸೆಟ್ಟಿನ ಆ ಹೆಸರುವಾಸಿ ಗಿಟಾರ್ ಸೋಲೋ ಕೂಡ ಅವನ ಬಾಯಿಂದಲೇ ಬಂದದ್ದು ಎಂಬುದು ಮಾತ್ರ ಊರಿಗೆ ತಿಳಿದಿರಲಿಲ್ಲ.

ಕಾಲೇಜು ಮುಗಿಸಿದ ಬೇಸಿಗೆಯಲ್ಲಿ ಗೆಳೆಯರೆಲ್ಲ ಸೇರಿ ಅರಳೆ ಗೋದಾಮಿನಲ್ಲಿ ರೆಕಾರ್ಡಿಂಗ್ ಇಟ್ಟುಕೊಂಡಿದ್ದರು. ಸೊಲ್ಲಾಪುರದಿಂದ ಮಷೀನು ತಂದವನು ಸಂಜೆಯ ಬಸ್ಸಿಗೆ ಹೊರಡುವ ಅವಸರದಲ್ಲಿದ್ದ. ಅಷ್ಟರಲ್ಲಿ ವೋಲ್ಟೇಜು ಏರಿ ಚೇತನಕುಮಾರನ ಗಿಟಾರಿನ ಆಂಪ್ಲಿಫೈಯರು ಹೊಗೆ ಬಿಟ್ಟು ಕಣ್ಣು ಮುಚ್ಚಿತು. ದಾವಲಮಲಿಕನದು ಸನಾದಿ ಊದುವವರ ಮನೆ. ಅಲ್ಲಿ ಹುಡುಗರ ಕೈಗೆ ಮೊದಲೇ ವಾದ್ಯ ಕೊಡುವುದಿಲ್ಲ. ಗಲ್ಲದಲ್ಲಿ ಗಾಳಿ ತುಂಬಿಕೊಂಡು, ತುಟಿ ನಡುಗಿಸುತ್ತ, ಸ್ವರ ಕಡಿಯದಂತೆ ಮೂಗಿನಿಂದ ಉಸಿರು ಎಳೆಯುವುದನ್ನು ಕಲಿಸುತ್ತಾರೆ. ಅವನು ತಾಮ್ರದ ಕೊಡಕ್ಕೆ ತುಟಿ ಹಚ್ಚಿ, ಗಿಟಾರಿನದೇ ದನಿಯಲ್ಲಿ ಒಂದೇ ಏಟಿಗೆ ಇಡೀ ಸೋಲೋ ನುಡಿಸಿಬಿಟ್ಟ. ಹಗ್ಗ ಹರಿದ ಹೋರಿಯಂತೆ ಓಡಿತು ಅದು.

“ಗಿಟಾರ್ ಅಂತ ನನ್ನ ಹೆಸರ ಇರಲೋ ಮಲಿಕ,” ಎಂದಿದ್ದ ಚೇತನಕುಮಾರ. “ಬಾಯಿಲೆ ಬಾರಿಸ್ಯಾರ ಅಂದ್ರ ಮಂದಿ ನಗ್ತಾರ. ಮುಂದ ಹೇಳೂಣಂತ.”

ಆ ‘ಮುಂದ’ ಹಿಂದೆಯೇ ಉಳಿಯಿತು. ಕ್ಯಾಸೆಟ್ಟು ಧಾರವಾಡ, ಕಲಬುರಗಿಯ ಹಾಸ್ಟೆಲುಗಳನ್ನೆಲ್ಲ ಹೊಕ್ಕಿತು. ಚೇತನಕುಮಾರ ಪ್ರೊಫೆಸರಾದ, ಆ ಸೋಲೋದ ಹೆಸರಿನಲ್ಲಿ ಇಂಡಿಯಿಂದ ಮುದ್ದೇಬಿಹಾಳದವರೆಗೆ ಶಾಲು ಹೊದ್ದ. ಅಂದು ಗೋದಾಮಿನಲ್ಲಿದ್ದ ಉಳಿದವರು ಒಬ್ಬೊಬ್ಬರಾಗಿ ತೀರಿಕೊಂಡರು. ನಿಜ ಬಲ್ಲವರು ಈಗ ಇವರಿಬ್ಬರೇ, ಜೊತೆಗೆ ದಾವಲಮಲಿಕನ ಹೆಂಡತಿ ಅಬಿದಾ.

ಈ ವರ್ಷ ಬೆಂಗಳೂರಿನ ಕಂಪನಿಯೊಂದು ‘ಎರಿಹೊಲ’ವನ್ನು ರೀಮಾಸ್ಟರ್ ಮಾಡಿ ಹೈ-ರೆಸಲ್ಯೂಶನ್ನಿನಲ್ಲಿ ತರುತ್ತೇವೆಂದು ಮುಂದೆ ಬಂತು. ಮೂಲ ಟೇಪು ಇದ್ದದ್ದು ದಾವಲಮಲಿಕನ ಟ್ರಂಕಿನಲ್ಲಿ. ಅವನು ಕುಣಿಯುತ್ತ ತೆಗೆದುಕೊಟ್ಟ.

“ಹೈ-ರೆಸ್ ಅಂದ್ರ ಸೊಳ್ಳಿ ಸೀನಿದ್ರೂ ಕೇಳಸ್ತೈತಿ, ಅಬಿದಾ. ನನ್ನ ಮೂಗಿನ ಉಸಿರು ಕೇಳಸೂದಿಲ್ಲೇನು? ಗಿಟಾರಿಗೆ ಮೂಗ ಎಲ್ಲಿಂದ ಬಂತು ಅಂತ ಮಂದೀನ ಕೇಳ್ತಾರ ನೋಡು.”

“ಇಷ್ಟ ವರ್ಷ ಬಾಯಿ ಇದ್ದೂ ನೀವು ಹೇಳಲಿಲ್ಲ,” ಎಂದಳು ಅಬಿದಾ. “ಈಗ ಮೂಗು ಹೇಳ್ತೈತೇನ್ರಿ?”

ತಾನಾಗಿ ಹೇಳಿದರೆ ಬೇಡಿದಂತಾಗುತ್ತದೆ ಎಂಬುದು ಅವನ ಹಟ. ಜನ ತಾವೇ ಕೇಳಿ, ತಿಳಿದು, ಬಂದು ಕೈ ಹಿಡಿಯಬೇಕು.

ಬಿಡುಗಡೆಯ ಮರುದಿನ ಸಿಂದಗಿಯ ಮಂಗಲ ಕಾರ್ಯಾಲಯದಲ್ಲಿ ಕೇಳುವ ಕಾರ್ಯಕ್ರಮ. ಆಳೆತ್ತರದ ಸ್ಪೀಕರುಗಳು. ರೀಮಾಸ್ಟರ್ ಮಾಡಿದ ಸೌಂಡ್ ಎಂಜಿನಿಯರ್ ಜಾಸ್ಮಿನ ಬೆಂಗಳೂರಿನಿಂದ ಬಂದಿದ್ದಳು. ಚೇತನಕುಮಾರ ವಾಡಿಕೆಯಂತೆ ಗಂಟಲು ಕೆರೆದು, “ನೋಡ್ರಿ, ಕಲಾವಿದ ಅಂದ್ರ ನೋಡ್ರಿ…” ಎಂದು ಭಾಷಣ ಬಿಗಿದ. ಆಮೇಲೆ ಹಾಡು ಹಚ್ಚಿದರು.

ದಾವಲಮಲಿಕ ಮುಂದಕ್ಕೆ ಬಾಗಿ ಕೂತ. ಗೋದಾಮಿನ ತಗಡು ಬಿಸಿಲಿಗೆ ಚಟಕ್ಕೆಂದದ್ದು ಕೇಳಿತು. ಜಂತಿಯ ಮೇಲಿನ ಗುಬ್ಬಿಯ ದನಿ ಕೇಳಿತು. ಸೋಲೋ ಶುರುವಾಯಿತು. ಅವನು ಅಬಿದಾಳ ಕೈ ಒತ್ತಿ ಹಿಡಿದು, ಮೊದಲ ಉಸಿರು ಬರುವ ಜಾಗಕ್ಕೆ ಕಿವಿಯಿಟ್ಟ. ಜಾಗ ಬಂತು, ಹೋಯಿತು. ಉಸಿರಿಲ್ಲ. ಸೋಲೋ ಮುಗಿಯುವವರೆಗೆ ಎಲ್ಲಿಯೂ ಇಲ್ಲ. ಹೆಣದ ಮೂಗಿನಷ್ಟು ಸ್ವಚ್ಛ.

ಅವನು ಎದ್ದು ಜಾಸ್ಮಿನಳ ಹತ್ತಿರ ಹೋದ. “ಗುಬ್ಬಿ ಐತಿ. ಉಸಿರು ಎಲ್ಲಿ ಹೋತವ್ವಾ?”

“ಗುಬ್ಬಿ ಇದ್ರೆ ಜಾಗದ ಫೀಲ್ ಬರುತ್ತೆ ಅಂಕಲ್. ಉಸಿರು ಹಾಳು ಸದ್ದು. ಒಂದೊಂದನ್ನೂ ಹುಡುಕಿ ಕೂತು ಒರೆಸಿದೆ. ಅವತ್ತು ಯಾರಿಗೋ ನೆಗಡಿ ಆಗಿತ್ತಂತೆ, ಚೇತನ್ ಸರ್ ಹೇಳಿದ್ರು.”

ದಾವಲಮಲಿಕ ನೇರ ವೇದಿಕೆ ಹತ್ತಿ ಮೈಕು ಹಿಡಿದ. “ಆ ನೆಗಡಿ ನಂದು!” ಎಂದವನೇ ತುಟಿ ಬಿಗಿದು ಸೋಲೋ ಎತ್ತಿಕೊಂಡ. ವಯಸ್ಸಾದ ಗಲ್ಲ ನೋಯುತ್ತಿತ್ತು, ಕಣ್ಣಲ್ಲಿ ನೀರು ಬಂತು. ಸ್ವರ ಮಾತ್ರ ಕಡಿಯಲಿಲ್ಲ.

ಸಭೆ ಸಿಳ್ಳೆ ಹೊಡೆಯಿತು. “ಥೇಟ್ ಚೇತನ ಸರ್ ಗಿಟಾರಲೇ! ಏನ್ ನಕಲು ಮಾಡ್ತಾನಲೇ ಮಲಿಕ!”

ಚೇತನಕುಮಾರ ಬಂದು ತಬ್ಬಿಕೊಂಡ. ತನ್ನ ಶಾಲನ್ನೇ ತೆಗೆದು ಅವನಿಗೆ ಹೊದಿಸಿದ. “ನೋಡ್ರಿ, ನನ್ನ ಸೋಲೋ ನನಗಿಂತ ಚಲೋ ಬಾರಸ್ತಾನ!”

ಜಾಸ್ಮಿನ ಒಬ್ಬಳು ನಗಲಿಲ್ಲ. ಆ ಉಸಿರುಗಳನ್ನು ಅವಳು ಬಲ್ಲಳು. ತಾನು ಒರೆಸಿದ ಜಾಗಗಳಲ್ಲೇ ಅವು ಮತ್ತೆ ಬಂದಿದ್ದವು. ದಾವಲಮಲಿಕ ವೇದಿಕೆಯ ಅಂಚಿಗೆ ಬಗ್ಗಿ ಮೆಲ್ಲಗೆ ಕೇಳಿದ: “ತಿಳೀತಲ್ಲವ್ವಾ?”

“ಅಂಕಲ್… ನಿನ್ನೆನೇ ರಿಲೀಸ್ ಆಗೋಗಿದೆ,” ಎಂದು ಅವಳು ತಲೆ ತಗ್ಗಿಸಿ ವೈರು ಸುತ್ತತೊಡಗಿದಳು.

“ಮಲಿಕಣ್ಣಾ, ಇನ್ನೊಂದ್ ಐಟಂ! ಚೇತನ ಸರದ್ದ ಮಾಡು!” ಸಭೆ ಕೂಗಿತು.

ದಾವಲಮಲಿಕ ಶಾಲು ಸರಿಪಡಿಸಿಕೊಂಡು ಗಂಟಲು ಕೆರೆದ. ಚೇತನಕುಮಾರನದೇ ಕಂಠ, ಅದೇ ಗತ್ತು: “ನೋಡ್ರಿ, ಆ ಸೋಲೋ ನಾ ಬಾರಿಸಿಲ್ರಿ. ನನ್ನ ಆಂಪ್ಲಿಫೈಯರು ಸುಟ್ಟಿತ್ರಿ. ಮಲಿಕ ಕೊಡಕ್ಕ ಬಾಯಿ ಹಚ್ಚಿ ಬಾರಿಸ್ಯಾನ್ರಿ. ನಾ ಸುಳ್ಳ ಹೇಳ್ಕೋತ ಬಂದೀನ್ರಿ.”

ಸಭೆ ಬಿದ್ದು ಬಿದ್ದು ನಕ್ಕಿತು. ಕುರ್ಚಿಗಳು ಸರಿದವು. ಅಬಿದಾ ಎದ್ದು ಹೊರಗೆ ನಡೆದಳು. ಕೆಳಗಿಳಿದು ಮೊದಲ ಸಾಲಿನಲ್ಲಿ ಕೂತಿದ್ದ ಚೇತನಕುಮಾರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ಒನ್ಸ್ ಮೋರ್!” ಎಂದು ಎಲ್ಲರಿಗಿಂತ ಮೊದಲು ಕೂಗಿದವನು ಅವನೇ.

ದಾವಲಮಲಿಕ ಇನ್ನೊಮ್ಮೆ ಹೇಳಿದ.