ಶಾಲೆ ಕಾದ ಕಲ್ಲು

ಆಂಡರ್ಸನ್‌ಪೇಟೆಯ ಅಂಚಿನಲ್ಲಿ ಕೋದಂಡಪ್ಪ ಮೇಷ್ಟ್ರದ್ದೊಂದು ಖಾಸಗಿ ಶಾಲೆ. ಮಣ್ಣಿನ ಗೋಡೆ, ಹಂಚಿನ ಮಾಡು, ಇರುವುದೊಂದೇ ಕೋಣೆ. ಅಲ್ಲಿ ಕಸ ಗುಡಿಸಿ, ನೀರು ತುಂಬಿ, ಮಕ್ಕಳ ಮೂಗು ಒರೆಸುವವಳು ಅಮ್ಮಾಜಮ್ಮ. ಅವಳ ಮಗಳು ಗಂಗರತ್ನ ಅಲ್ಲೇ ನಾಲ್ಕನೇ ಕ್ಲಾಸು. ಗಣಿ ಕೂಲಿಗಳ ಆ ಲೈನುಮನೆಗಳಲ್ಲಿ ಅಕ್ಷರ ಕೂಡಿಸಿ ಓದಿದ ಮೊದಲ ಹೆಣ್ಣು. ಶಾಲೆ ಮುಚ್ಚಿಹೋದರೆ ಹುಡುಗಿ ಯಾರದೋ ಮನೆಯ ಮುಸುರೆ ತಿಕ್ಕಬೇಕು.

ಜಾಗ ಕೊಟ್ಟವನು ಬಚ್ಚಪ್ಪ, ಈಗಿಲ್ಲ. ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಪುಣ್ಯಾತ್ಮ ಒಂದು ಷರತ್ತು ಹಾಕಿಸಿದ್ದ: ಮಕ್ಕಳು ಓದುವ ತನಕ ಜಾಗ ಶಾಲೆಗೆ, ಓದು ನಿಂತ ದಿನ ತನ್ನ ವಾರಸುದಾರರಿಗೆ. ಅವನ ಅಣ್ಣನ ಮಗ ವೆಂಕಟೇಶಪ್ಪನಿಗೆ ಅಷ್ಟು ಸಾಕಾಯಿತು. ಆಳು ಕರೆತಂದು ಹಂಚು ಕೀಳಿಸುವುದು, ಮಳೆಗೆ ಮಕ್ಕಳು ಓಡಿಹೋಗಲೆಂದು ಕಾಯುವುದು, ಇದೇ ಅವನ ಕಸುಬು.

ಕಥೆ ಕಟ್ಟುವುದರಲ್ಲಿ ಅಮ್ಮಾಜಮ್ಮ ಎಂಥವಳೆಂದರೆ, ಅವಳು ಬಾಯಿ ತೆಗೆದರೆ ಬೇತಮಂಗಲದ ಕೆರೆಯ ಮೀನೂ ದಡಕ್ಕೆ ಬಂದು ಕೂರಬೇಕು. ಒಂದು ಮುಂಜಾನೆ ತನ್ನ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಉರುಳಿಸಿ ತಂದು ಶಾಲೆಯ ಬಾಗಿಲ ಪಕ್ಕ ನೆಟ್ಟಳು. ಅರಿಶಿನ ಬಳಿದು, ಕುಂಕುಮ ಇಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ಬಚ್ಚಪ್ಪಣ್ಣ ಬಂದವ್ನೆ ಕಣ್ರಮ್ಮೋ! ಶಾಲೆ ಮಾಡಿನ ಮೇಲೆ ಕೈ ಇಕ್ಕಿದೋನ ಕೈ ಮುರೀತೀನಿ ಅಂತ ಕನಸ್ನಾಗೆ ಏಳವ್ನೆ!"

ಮುಂದಿನ ಸಲ ಏಣಿ ಹತ್ತಿದ ಆಳು ಕಲ್ಲು ಕಂಡು ಬೆವತ, ಜಾರಿದ, ಕೈ ಮುರಿದುಕೊಂಡ. ಹಂಚು ಕೀಳುವುದು ಅಲ್ಲಿಗೆ ನಿಂತಿತು. ಬಾಯಿಗಳು ನಿಲ್ಲಲಿಲ್ಲ. ಬಚ್ಚಪ್ಪ ಮಾಡಿನ ಮೇಲೆ ಕೂತು ಬೀಡಿ ಸೇದುತ್ತಾನೆ ಎಂದರು ಕೆಲವರು. ಬೀಡಿಯ ಕಿಡಿ ಬಂಗಾರಪೇಟೆ ಸ್ಟೇಷನ್ನಿಗೂ ಕಾಣುತ್ತದೆ ಎಂದರು ಇನ್ನು ಕೆಲವರು. ಹೆದರಿದ ತಾಯಂದಿರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬಿಡಿಸಿಕೊಂಡರು. ಕೊನೆಗೆ ಕೋಣೆಯಲ್ಲಿ ಉಳಿದವಳು ಗಂಗರತ್ನ ಒಬ್ಬಳೇ. ಅವಳೂ ಬಾಗಿಲಿಗೆ ಬೆನ್ನು ಹಾಕಿಯೇ ಮಗ್ಗಿ ಹೇಳುತ್ತಿದ್ದಳು.

ವೆಂಕಟೇಶಪ್ಪ ನಗುನಗುತ್ತಾ ಮುನ್ಸೀಫ್ ಕೋರ್ಟಿಗೆ ಹೋದ: ಓದು ನಿಂತಿದೆ, ಜಾಗ ಕೊಡಿಸಿ. ಕಣ್ಣಾರೆ ನೋಡಿ ಬನ್ನಿ ಎಂದು ಕೋರ್ಟು ಒಬ್ಬ ವಕೀಲರನ್ನು ಕಮಿಷನರಾಗಿ ನೇಮಿಸಿತು. ಬರುವುದು ಸೋಮವಾರ ಮಧ್ಯಾಹ್ನ.

"ನಿನ್ ದೆವ್ವ ಯಾರ ಕಡೆ ಸಾಕ್ಷಿ ಏಳ್ತದಮ್ಮ, ನಮ್ ಕಡೆನೋ ಅವ್ರ ಕಡೆನೋ?" ಎಂದರು ಮೇಷ್ಟ್ರು.

ಅಮ್ಮಾಜಮ್ಮ ನೆರೆಮನೆಯ ಮುನಿಗಂಗಮ್ಮನ ಹತ್ತಿರ ಓಡಿದಳು. "ಅದು ನಮ್ ಬಟ್ಟೆ ಒಗ್ಯೋ ಕಲ್ಲು ಕಣೆ! ನಿನ್ ಸೀರೇನೂ ಅದ್ರ ಮೇಲೇ ಕುಕ್ಕಿದೀಯಲ್ಲೇ!"

ಮುನಿಗಂಗಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ ದೇವುಡಾ! ಅವ್ನೇ ನಿನ್ ಬಾಯಾಗೆ ಕೂತು ಇಂಗೆ ಆಡಿಸ್ತಾವ್ನೆ. ಅಲ್ಲೇ ನಿಂತ್ಕೊ ಅಕ್ಕಾ, ಮಕ್ಕಳವ್ರೆ!"

ನಿಜ ನಡೆಯದಿದ್ದ ಮೇಲೆ ಉಳಿದದ್ದು ಹೂ ಕೇಳುವುದು. ಕಲ್ಲಿನ ಎರಡು ಭುಜಕ್ಕೂ ಹೂ ಅಂಟಿಸಿ ಪ್ರಶ್ನೆ ಕೇಳಬೇಕು; ಬಲದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಅಮ್ಮಾಜಮ್ಮ ಎಡದ ಹೂವನ್ನು ಬೆಲ್ಲದ ಪಾಕದಲ್ಲಿ ಗಟ್ಟಿಯಾಗಿ ಅಂಟಿಸಿದಳು, ಬಲದ್ದನ್ನು ಬರೀ ನೀರಿನಲ್ಲಿ. ಮಧ್ಯಾಹ್ನ ಉರಿಗಾಂ ಗಣಿಯ ಸೈರನ್ ಕೂಗಿದ ಮೇಲೆ ಪಾತಾಳದಲ್ಲಿ ಮದ್ದು ಸಿಡಿಸುತ್ತಾರೆ, ನೆಲ ನಡುಗುತ್ತದೆ, ಗೂಡಿನ ಪಾತ್ರೆ ಗಲಗಲ ಎನ್ನುತ್ತದೆ. ಆ ನಡುಕಕ್ಕೆ ಬಲದ ಹೂ ಬಿದ್ದೇ ಬೀಳುತ್ತದೆ.

ಸೋಮವಾರ ಬೀದಿಯ ಜನವೆಲ್ಲ ಮಕ್ಕಳ ರಟ್ಟೆ ಹಿಡಿದು ದೂರ ನಿಂತರು. ರಸ್ತೆಯಲ್ಲಿ ಕಮಿಷನರ ಜಟಕಾ ಕಾಣಿಸಿತು, ಹಿಂದೆಯೇ ವೆಂಕಟೇಶಪ್ಪನ ಸೈಕಲ್ಲು.

"ಬಚ್ಚಪ್ಪಣ್ಣಾ, ಮಕ್ಳು ಬೇಕಂದ್ರೆ ಬಲಕ್ಕೆ ಕೊಡು, ಬ್ಯಾಡಂದ್ರೆ ಎಡಕ್ಕೆ ಕೊಡು!" ಎಂದು ಅಮ್ಮಾಜಮ್ಮ ಕೂಗಿದಳು.

ಸೈರನ್ ಕೂಗಲಿಲ್ಲ. ಗುಂಪಿನಲ್ಲಿ ಯಾರೋ ಅಂದರು, "ಇವತ್ತು ಗಣೀಗೆ ಯಾರೂ ಇಳ್ದಿಲ್ವಂತೆ, ಸ್ಟ್ರೈಕು."

ಅಮ್ಮಾಜಮ್ಮ ಕಲ್ಲಿನತ್ತ ಬಾಗಿ ನೋಡಿದಳು. ನೀರು ಆರಿ ಬಲದ ಹೂವೂ ಕಲ್ಲಿಗೆ ಕಚ್ಚಿಕೊಂಡಿತ್ತು. ಗಾಳಿಯ ಸುಳಿವಿಲ್ಲ. ಬೇಡಿಕೊಳ್ಳುವವಳಂತೆ ಕಲ್ಲಿನ ಮೇಲೆ ಕೈ ಇಟ್ಟಳು. ಅಷ್ಟು ಬಿಸಿಲಲ್ಲಿ ಅದು ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಕೈ ಹಿಂದಕ್ಕೆ ಎಳೆದುಕೊಂಡಳು.

ಆಗ ಬಲದ ಹೂ ಎದ್ದಿತು. ಬೀಳಲಿಲ್ಲ, ಎದ್ದಿತು. ಯಾರೋ ಎರಡು ಬೆರಳಲ್ಲಿ ಎತ್ತಿ ಇಟ್ಟ ಹಾಗೆ ಹೊಸಿಲು ದಾಟಿ ಕೋಣೆಯೊಳಗೆ ಕೂತಿತು.

"ಒಳೀಕೆ ಕರೀತಾವ್ನೆ! ಓಗ್ರೋ, ಓಗ್ರೋ!" ಮುನಿಗಂಗಮ್ಮನೇ ಮೊದಲು ತನ್ನ ಮಕ್ಕಳನ್ನು ತಳ್ಳಿದಳು. ಕಮಿಷನರು ಜಟಕಾದಿಂದ ಇಳಿಯುವಷ್ಟರಲ್ಲಿ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಮಗ್ಗಿಯ ಅಬ್ಬರಕ್ಕೆ ಹಂಚಿನ ದೂಳು ಉದುರುತ್ತಿತ್ತು. ಓದು ನಡೆಯುತ್ತಿದೆ ಎಂದು ಬರೆದುಕೊಂಡು ಅವರು ಹೊರಟರು. ವೆಂಕಟೇಶಪ್ಪ ಚಪ್ಪಲಿ ಬಿಟ್ಟು ಕಲ್ಲಿಗೆ ಕೈ ಮುಗಿದು ಸೈಕಲ್ಲು ಹತ್ತಿದ. ಜಾಗ ಶಾಲೆಗೇ ಉಳಿಯಿತು.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅಮ್ಮಾಜಮ್ಮ ಬೀಗ ಹಿಡಿದು ಅಂಗಳದಲ್ಲೇ ನಿಂತಿದ್ದಳು. ಬಾಗಿಲಿಗೆ ಹೋಗಬೇಕಾದರೆ ಕಲ್ಲಿನ ಪಕ್ಕವೇ ಹಾಯಬೇಕು.

"ಮೇಷ್ಟ್ರೇ, ವಸಿ ಜತೇಗೆ ಬನ್ನಿ."

ಕೋದಂಡಪ್ಪ ನಕ್ಕರು. "ನೀನೇ ನೆಟ್ಟಿದ್ ಕಲ್ಲಲ್ವೇನಮ್ಮ?"

"ನೆಟ್ಟಿದ್ದು ನಾನೇ ಸಾಮಿ," ಎಂದಳು ಅಮ್ಮಾಜಮ್ಮ, ದನಿ ತಗ್ಗಿಸಿ. "ಈಗ ಅದ್ರಾಗಿರೋದು ಯಾರು ಅಂತ ನಂಗೊತ್ತಿಲ್ಲ."