ಉಲ್ಲಂಕಿ ಹಿಡಿಯಲು ಹೋದ ಅಳಿಯಂದಿರು

ನಮ್ಮಣ್ಣ ಸುಭಾಸನ ಮೇಲಿನ ಸಿಟ್ಟನ್ನು ನಾನು ಒಂದು ವರ್ಷ ಆರಲು ಬಿಡಲಿಲ್ಲ. ಜಗಳ ತೆಗೆಯಲಿಲ್ಲ, ಬೈಯಲಿಲ್ಲ, ಅವನ ಫೋನ್ ಬಂದರೆ ಆರಾಮಾಗಿಯೇ ಮಾತಾಡುತ್ತಿದ್ದೆ. ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಅವನು ನನ್ನ ಗಂಡನನ್ನು ಹೇಗೆ ಮಂಗ ಮಾಡಿದನೋ ಹಾಗೆಯೇ ಅವನೂ ಆಗಬೇಕು, ಅದೂ ಅವನ ಅತ್ತೆ ಮಾವನ ಕಣ್ಣೆದುರಿಗೆ. ನನಗೆ ಬೇಕಾದದ್ದು ಅಷ್ಟೇ.

ನನ್ನ ತವರು ಹಾನಗಲ್ಲಿನ ಹತ್ತಿರದ ಭತ್ತದ ಸೀಮೆ. ಹೊಸ ಅಳಿಯ ಮೊದಲ ದೀಪಾವಳಿಗೆ ಬಂದರೆ ಅಲ್ಲಿ ಆಟ ಆಡಿಸದೆ ಬಿಡುವುದಿಲ್ಲ. ಚಹಾಕ್ಕೆ ಉಪ್ಪು ಹಾಕುತ್ತಾರೆ, ಚಪ್ಪಲಿ ಮುಚ್ಚಿಡುತ್ತಾರೆ. ಅಳಿಯ ಒಣಸೀಮೆಯವನಾಗಿದ್ದರೆ ಅವನಿಗೆಂದೇ ಇನ್ನೊಂದಿದೆ, ಉಲ್ಲಂಕಿ ಹಿಡಿಯಲು ಕಳಿಸುವುದು. ಉಲ್ಲಂಕಿ ಎಂಬ ಹಕ್ಕಿ ಗದ್ದೆಯ ಕೆಸರಿನಲ್ಲಿ ಅಡಗಿರುತ್ತದೆ, ಅದರ ಸಾರು ತಿಂದವನು ಜನ್ಮದಲ್ಲಿ ಮರೆಯುವುದಿಲ್ಲ ಎಂದೆಲ್ಲ ಹೊಗಳಿ, ಅವನ ಕೈಗೆ ಗೊಬ್ಬರದ ಖಾಲಿ ಚೀಲ ಕೊಡುತ್ತಾರೆ. ಕೆಸರಿನಲ್ಲಿ ಮೊಣಕಾಲೂರಿ, ಚೀಲದ ಬಾಯಿ ಅಗಲಿಸಿ ಹಿಡಿದು 'ಕುರ್ ಕುರ್' ಎಂದು ಕೂಗುತ್ತಿರಬೇಕು. ನಾವು ಆ ಕಡೆಯಿಂದ ಹಕ್ಕಿ ಅಟ್ಟಿಕೊಂಡು ಬರುತ್ತೇವೆ ಎಂದು ಹೋದವರು ನೆಟ್ಟಗೆ ಮನೆಗೆ ಬಂದು ಹೋಳಿಗೆ ತಿನ್ನುತ್ತಾರೆ. ಅಂಥ ಹಕ್ಕಿಯೇ ಇಲ್ಲ ಎಂಬುದು ಊರಿಗೆಲ್ಲ ಗೊತ್ತು. ಅಜ್ಜಂದಿರ ಕಾಲದಿಂದ ನಡೆದು ಬಂದ ಚೇಷ್ಟೆ ಅದು.

ನನ್ನ ಗಂಡ ಮೈಲಾರಿ ಅಬಲೂರಿನವರು. ಗೋವಿನಜೋಳ, ಹತ್ತಿ ಬೆಳೆಯುವ ನೆಲ. ಭತ್ತದ ಗದ್ದೆಗೆ ಅವರು ಕಾಲಿಟ್ಟವರಲ್ಲ. ಹಿರೇಕೆರೂರಿನಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತಿಕೊಡುವ ಸಣ್ಣ ಅಂಗಡಿ ಅವರದು. ಯಾರು ಏನು ಹೇಳಿದರೂ ನಂಬುವ ಮನುಷ್ಯ. ಹೋದ ವರ್ಷದ ಹಿಂದಿನ ದೀಪಾವಳಿಯಲ್ಲಿ ಸುಭಾಸ ತನ್ನ ಗೆಳೆಯರನ್ನು ಕಟ್ಟಿಕೊಂಡು ಅವರನ್ನು ಗದ್ದೆಗೆ ಕರೆದೊಯ್ದ. ನಾನು ಅಡುಗೆಮನೆಯಲ್ಲಿದ್ದೆ. ಸಂಜೆ ಅಣ್ಣ, ಅವನ ಗೆಳೆಯರೆಲ್ಲ ಪಡಸಾಲೆಯಲ್ಲಿ ಕೂತು ಮೊಬೈಲು ನೋಡುತ್ತ ಬಿದ್ದು ಬಿದ್ದು ನಗುವುದು ಕೇಳಿ ಹೊರಗೆ ಬಂದೆ.

"ಅವರೆಲ್ಲಿ?" ಎಂದೆ.

"ಅಳ್ಯಾರು ಉಲ್ಲಂಕಿ ಹಿಡಿಯಾಕತ್ತಾರ. ಸಾರಿಗೆ ಮಸಾಲಿ ಅರದಿಡು" ಎಂದ ಸುಭಾಸ.

ನಾನು ಬರಿಗಾಲಲ್ಲಿ ಓಡಿದೆ. ನನ್ನ ತವರಿನವರು ಉಡುಗೊರೆ ಕೊಟ್ಟ ಹೊಸ ಪ್ಯಾಂಟಿನಲ್ಲಿ ಅವರು ಕೆಸರೊಳಗೆ ಮೊಣಕಾಲೂರಿ ಕೂತಿದ್ದರು. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ಸಪ್ಪಳ ಮಾಡಬ್ಯಾಡ ಹೇಮಾ. ಇನ್ನೇನ್ ಬರ್ತಾವು."

ಹಕ್ಕಿ ಬರುವುದಿಲ್ಲ ಎಂದು ಹೇಳಬೇಕಾದವಳು ನಾನೇ ಆದೆ. ಹೇಳಿದ ಮೇಲೆ ಅವರು ಎದ್ದು, ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಹಿಂದೆ ಬಂದರು.

ಅಲ್ಲಿಗೇ ಮುಗಿದಿದ್ದರೆ ನಾನೂ ನಕ್ಕು ಮರೆಯುತ್ತಿದ್ದೆ. ಸುಭಾಸ ಅದರ ವಿಡಿಯೊ ಮಾಡಿ ಬೀಗರ ಗ್ರೂಪಿಗೆಲ್ಲ ಹಾಕಿದ್ದ. ಅದು ಹಬ್ಬ ಮುಗಿಯುವುದರೊಳಗೆ ಹಿರೇಕೆರೂರಿಗೆ ಬಂತು. ಮೋಟರು ತಂದವರು 'ಏನಪಾ, ಹಕ್ಕಿ ಬಿತ್ತೇನು?' ಎಂದು ಕೇಳುವರು. ಶಾಲೆ ಬಿಟ್ಟ ಹುಡುಗರು ಅಂಗಡಿ ಮುಂದೆ 'ಕುರ್ ಕುರ್' ಎಂದು ಕೂಗಿ ಓಡುವರು. ಇವರು ಹೋಟೆಲಿಗೆ ಚಹಾಕ್ಕೆ ಹೋಗುವುದನ್ನು ಬಿಟ್ಟರು. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟರು. ಯಾರಾದರೂ ಏನಾದರೂ ಹೇಳಿದರೆ, ಹೌದೋ ಅಲ್ಲವೋ ಎಂದು ನನ್ನ ಮುಖ ನೋಡುವುದು ಶುರುವಾಯಿತು. ಒಬ್ಬ ನಂಬುವ ಮನುಷ್ಯನ ನಂಬಿಕೆಯನ್ನೇ ನಮ್ಮಣ್ಣ ಕೆಡಿಸಿಬಿಟ್ಟಿದ್ದ. ಫೋನ್ ಮಾಡಿ ಅಳಿಸು ಎಂದರೆ, "ಚ್ಯಾಷ್ಟಿಗೆ ಮಾಡಿದ್ದು ಮಾರಾಯ್ತಿ, ಎಷ್ಟ್ ಸಿಟ್ಟ ನಿಂದು" ಎಂದ. ಅಳಿಸಲಿಲ್ಲ.

ಬೇಸಿಗೆಯಲ್ಲಿ ಸುಭಾಸನ ಮದುವೆಯಾಯಿತು. ಹುಡುಗಿ ಪೂಜಾ, ಶಿಗ್ಗಾಂವಿ ಕಡೆಯ ಹಿರೇಬೆಂಡಿಗೇರಿಯವಳು. ನನಗಿಂತ ಚಿಕ್ಕವಳಾದರೂ ಅಣ್ಣನ ಹೆಂಡತಿ ಎಂದು ವೈನಿ ಎನ್ನುತ್ತಿದ್ದೆ. ಮದುವೆಗೆ ನಾನೊಬ್ಬಳೇ ಹೋಗಿದ್ದೆ. ಯಾಕೆ ಅವರು ಬರಲಿಲ್ಲ ಎಂದು ಪೂಜಾ ಕೇಳಿದಾಗ ವಿಡಿಯೊ ತೋರಿಸಿದೆ. ಅವಳು ನಗಲಿಲ್ಲ, ಹುಬ್ಬು ಗಂಟಿಕ್ಕಿದಳು.

"ಅಯ್ಯ, ಉಲ್ಲಂಕಿ ಚೀಲದಾಗ ಎಲ್ಲಿ ಬೀಳ್ತಾವ್ರಿ ಅಕ್ಕಾರ? ಅದಕ್ಕ ನೂಲಿನ ಬಲಿ ಎಳೀಬೇಕು. ನಮ್ಮಪ್ಪ ಮೊದಲ ಹಿಡೀತಿದ್ರು."

"ಅಂದ್ರ? ಅಂಥಾ ಹಕ್ಕಿ ಖರೇನ ಐತೇನು ವೈನಿ?"

"ಐತಲ್ರಿ! ಚಳಿ ಬೀಳೂ ಹೊತ್ತಿಗೆ ನಮ್ಮ ಕೆರಿ ಹಿಂದಿನ ಜವಳು ನೆಲಕ್ಕ ಬರ್ತಾವು. ಈಗ ಹಿಡಿಯಂಗಿಲ್ಲಂತ, ಕೇಸ್ ಹಾಕ್ತಾರಂತ. ಅಪ್ಪ ಬಿಟ್ಟಾರು. ಬಲಿ ಇನ್ನೂ ಅಟ್ಟದ ಮ್ಯಾಲೆ ಬಿದ್ದೈತಿ."

ನಮ್ಮೂರಿನವರು ಚೇಷ್ಟೆ ಮಾಡುತ್ತ ಮಾಡುತ್ತ ಹಕ್ಕಿಯನ್ನೇ ಮರೆತುಬಿಟ್ಟಿದ್ದರು! ತಮ್ಮದೇ ಗದ್ದೆಯಿಂದ ಹಾರಿಹೋದರೂ ಅದು ಯಾವುದೆಂದು ಕೇಳುವವರಿಲ್ಲ. ಸುಭಾಸನಂತೂ ಮೊಬೈಲ್ ಅಂಗಡಿಯವ, ಗದ್ದೆಗೆ ಇಳಿಯುತ್ತಿದ್ದದ್ದೇ ಅಳಿಯಂದಿರನ್ನು ಕೂರಿಸಲು. ಈ ಮಾತು ಅಣ್ಣನ ಕಿವಿಗೆ ಹಾಕಬೇಡ, ಹಬ್ಬಕ್ಕೆ ಒಂದು ಮಜಾ ಮಾಡೋಣ ಎಂದು ಪೂಜಾಳಿಗೆ ಹೇಳಿದೆ. ಅವಳು ಖುಷಿಯಿಂದ ಒಪ್ಪಿದಳು. ಹೊಸ ಮದುವಣಗಿತ್ತಿ, ನಾದಿನಿ ಹತ್ತಿರ ಕರೆದು ಗುಟ್ಟು ಹೇಳಿದಳೆಂದು ಹಿಗ್ಗಿದ್ದಳು.

ಹೊಸ ಅಳಿಯನ ಜೊತೆ ಅವನ ತಂಗಿಯನ್ನೂ ತಂಗಿಯ ಗಂಡನನ್ನೂ ಹಬ್ಬಕ್ಕೆ ಕರೆಯುವುದು ಪೂಜಾಳ ತವರಿನ ರೂಢಿ. ಇವರು ಒಲ್ಲೆ ಎಂದರು. "ನನ್ನ ತವರಿಗೆ ಅಲ್ಲಲ್ರಿ, ಬ್ಯಾರೇ ಊರಿಗೆ. ಒಂದ ಸಲ ನನ್ನ ಮಾತ ನಂಬ್ರಿ" ಎಂದು ಗೋಗರೆದು ಹೊರಡಿಸಿದೆ. ಏನು ಮಾಡಲಿದ್ದೇನೆ ಎಂದು ಅವರಿಗೂ ಹೇಳಲಿಲ್ಲ.

ಹಿರೇಬೆಂಡಿಗೇರಿಯಲ್ಲಿ ಊಟಕ್ಕೆ ಕೂತಾಗ ಸುಭಾಸ ತಾನಾಗಿಯೇ ಬಲೆಗೆ ಬಂದ. ಇವರ ತಟ್ಟೆಗೆ ಹೋಳಿಗೆ ಬಿದ್ದದ್ದೇ ತಡ, "ನಮ್ಮ ಅಳ್ಯಾರಿಗೆ ಉಲ್ಲಂಕಿ ಸಾರ ಇಲ್ಲಂದ್ರ ಊಟ ಸೇರೂದಿಲ್ರಿ" ಎಂದು ಕಿಸಕ್ಕನೆ ನಕ್ಕ. ಇವರ ಕೈ ತಟ್ಟೆಯಲ್ಲೇ ನಿಂತಿತು.

"ಅಣ್ಣಾ, ಈ ಊರಾಗ ಉಲ್ಲಂಕಿ ಅದಾವಂತ" ಎಂದೆ.

"ಹುಚ್ಚಿ ಅದೀ ಏನು? ಅಂಥಾ ಹಕ್ಕಿ ಈ ಭೂಮಿ ಮ್ಯಾಲೇನ ಇಲ್ಲ!"

"ಇದ್ರ?"

"ಇದ್ರ ಇದೇ ಅಂಗಿ ಮ್ಯಾಲೆ ನಾನೂ ಚೀಲ ಹಿಡದು ಕುಂದರ್ತೇನಿ. ನೀವೆಲ್ಲಾ ಸಾಕು ಅನ್ನೂ ಮಟಾ ಏಳೂದಿಲ್ಲ!"

ಊಟದ ಪಂಕ್ತಿಯೆಲ್ಲ ಕೇಳಿಸಿಕೊಂಡಿತು. ಹಬ್ಬದ ಊಟದಲ್ಲಿ ಅಳಿಯ ಆಡಿದ ಪಂಥ ಹಿಂದೆ ತೆಗೆಯುವಂತಿಲ್ಲ. ಪೂಜಾಳ ಅಪ್ಪ ಹುಚ್ಚಪ್ಪ ಮೀಸೆಯಲ್ಲೇ ನಕ್ಕು, ಕೈ ತೊಳೆದು ಅಟ್ಟ ಹತ್ತಿದ.

ಹೊತ್ತು ಇಳಿಯುವಾಗ ಎಲ್ಲರೂ ಕೆರೆಯ ಹಿಂದೆ ಹೋದೆವು. ಹುಚ್ಚಪ್ಪ ಮತ್ತು ಅವನ ತಮ್ಮ ತೆಳ್ಳನೆಯ ಬಲೆಯನ್ನು ಎರಡು ತುದಿಗೆ ಹಿಡಿದು ಹುಲ್ಲಿನ ಮೇಲೆ ನಿಧಾನ ಎಳೆಯುತ್ತ ಸಾಗಿದರು. ಆ ಹಕ್ಕಿ ಕಾಲಿಗೆ ತಾಗುವ ತನಕ ಅಲುಗಾಡದೆ ಕೂತಿರುತ್ತದಂತೆ, ಬಲೆ ಮೇಲೆ ಬಂದಾಗ ಮಾತ್ರ ನೆಗೆಯುತ್ತದಂತೆ. ತುಸು ಹೊತ್ತಿಗೆ ಬಲೆಯೊಳಗೆ ಏನೋ ಪಟಪಟ ಬಡಿಯಿತು. ಹುಚ್ಚಪ್ಪ ಬಿಡಿಸಿ ಅಂಗೈಯಲ್ಲಿ ಹಿಡಿದು ತಂದ. ಒಣಹುಲ್ಲಿನ ಬಣ್ಣ, ಬೆನ್ನ ಮೇಲೆ ಗೀರುಗಳು, ಮೈಗಿಂತ ಕೊಕ್ಕೇ ಹೆಚ್ಚು ಎನ್ನುವ ಹಾಗೆ ದಬ್ಬಣದಂಥ ಉದ್ದ ಕೊಕ್ಕು.

"ನೋಡ್ರಿ ಅಳ್ಯಾರ, ಇದ ಉಲ್ಲಂಕಿ" ಎಂದು ಸುಭಾಸನ ಮುಖದ ಹತ್ತಿರ ಹಿಡಿದು, ಆಮೇಲೆ ಕೈ ಬಿಚ್ಚಿದ. ಅದು ಕೀರಲು ದನಿ ತೆಗೆದು ಅಡ್ಡಾದಿಡ್ಡಿ ಹಾರಿಹೋಯಿತು. ಸುಭಾಸನ ಬಾಯಿ ತೆರೆದದ್ದು ತೆರೆದೇ ಇತ್ತು. ಆ ಮುಖ ನೋಡಲು ನಾನು ಒಂದು ವರ್ಷ ಕಾದಿದ್ದೆ, ಕಣ್ತುಂಬ ನೋಡಿದೆ.

ಚೀಲ ನಾನೇ ಕೊಟ್ಟೆ. ಅವನು ಮಾವ ಕೊಡಿಸಿದ ಬಿಳಿ ಅಂಗಿಯಲ್ಲಿ ಕೆಸರಿಗಿಳಿದ. ಮೊದಮೊದಲು ನಗುತ್ತಲೇ ಕೂಗಿದ. ಹೆಂಗಸರು ಕೈ ತಟ್ಟಿ ನಕ್ಕರು, ಊರವರು ಕೂಡಿದರು. ಸ್ವಲ್ಪ ಹೊತ್ತಿಗೆ ಹುಚ್ಚಪ್ಪ, "ಸಾಕ್ ಬಿಡವಾ, ಎಬ್ಬಸೂಣು" ಎಂದ.

"ನಾ ಇನ್ನೂ ಸಾಕು ಅಂದಿಲ್ರಿ" ಎಂದೆ. ಎಲ್ಲರೂ ಎಂದರೆ ನಾನೂ ಸೇರಿದ್ದೆನಲ್ಲ! ಸುಭಾಸ ಈಗ ನಗುತ್ತಿರಲಿಲ್ಲ. "ಹೇಮಾ, ಸಾಕವಾ" ಎಂದ. "ಇನ್ನೂ ಜೋರಾಗಿ ಕೂಗಣ್ಣಾ" ಎಂದೆ. ನನ್ನ ದನಿಯಲ್ಲಿದ್ದದ್ದು ಜನಕ್ಕೂ ತಿಳಿಯಿತೇನೋ, ನಗು ನಿಂತಿತು. ಅವನು ಮೊಣಕಾಲ ಮೇಲೆ, ಕಣ್ಣಲ್ಲಿ ನೀರು ತುಂಬಿಕೊಂಡು ಕೂಗಿದ. ನಾನು ಎಲ್ಲವನ್ನೂ ವಿಡಿಯೊ ಮಾಡಿ, ಅದೇ ಬೀಗರ ಗ್ರೂಪಿಗೆ ಅಲ್ಲೇ ನಿಂತು ಹಾಕಿದೆ. ಪಕ್ಕದಲ್ಲಿದ್ದ ನನ್ನ ಗಂಡ ಆಗ ನಕ್ಕರು. ಒಂದು ವರ್ಷದಲ್ಲಿ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಪೂಜಾ ಕೆಸರಿಗಿಳಿದು ಸುಭಾಸನ ರಟ್ಟೆ ಹಿಡಿದು ಎಬ್ಬಿಸಿದಳು. ನನ್ನನ್ನು ದಾಟಿ ಹೋಗುವಾಗ ನಿಂತಳು.

"ಇದಕ್ಕ ಏನ್ರಿ ಅಕ್ಕಾರ, ಅವತ್ತ ನನ್ನ ಕಡಿಂದ ಹಕ್ಕಿ ಸುದ್ದಿ ಕೇಳ್ಕೊಂಡಿದ್ದು?"

"ಹೌದು" ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಮರುದಿನ ಹೊರಡುವಾಗ ಅವಳು ಕುಂಕುಮ ಹಚ್ಚಿ, ಉಡಿ ತುಂಬಿ, ರೀತಿಗೆ ಒಂದು ಕೊರತೆ ಮಾಡದೆ ನನ್ನನ್ನು ಕಳಿಸಿದಳು. ಕಾಲಿಗೆ ನಮಸ್ಕಾರ ಮಾಡಿ ಎದ್ದು, ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದಳು:

"ನಿಮ್ಮ ತವರಮನ್ಯಾಗ ಇನ್ನ ಒಲಿ ಹಚ್ಚಾಕಿ ನಾನ್ರಿ. ಯಾರನ್ನ ಹಬ್ಬಕ್ಕ ಕರೀಬೇಕು, ಯಾರನ್ನ ಬಿಡಬೇಕು, ನೋಡ್ತೇನಿ."

ಈಗ ಇವರು ಹೋಟೆಲಿನಲ್ಲಿ ಕೂತು ಚಹಾ ಕುಡಿಯುತ್ತಾರೆ. ಯಾರಾದರೂ ಕೆಣಕಿದರೆ ಮೊಬೈಲು ತೆಗೆದು ಸುಭಾಸನ ವಿಡಿಯೊ ತೋರಿಸುತ್ತಾರೆ. ಅವರು ತಲೆ ಎತ್ತಿ ತಿರುಗುವುದನ್ನು ಕಂಡರೆ ನನಗೆ ಹೊಟ್ಟೆ ತಂಪಾಗುತ್ತದೆ, ಅದರಲ್ಲಿ ಮುಚ್ಚುಮರೆಯಿಲ್ಲ.

ಮೊನ್ನೆ ನಾಗರ ಪಂಚಮಿ ಬಂತು. ಓಣಿಯ ಹೆಣ್ಣುಮಕ್ಕಳನ್ನೆಲ್ಲ ಅಣ್ಣ ತಮ್ಮಂದಿರು ಬಂದು ಕರೆದೊಯ್ದರು. ನಾನು ಬ್ಯಾಗು ತುಂಬಿಟ್ಟು ಬಾಗಿಲಲ್ಲಿ ಕೂತೆ. ಸಂಜೆ ಅವ್ವ ಫೋನ್ ಮಾಡಿ, "ಈ ವರ್ಷ ಬರೂದು ಬ್ಯಾಡಂತವಾ" ಎಂದಳು. ಅಷ್ಟು ಹೇಳಿ ಅಳತೊಡಗಿದಳು.

"ನಾನ ಕರಕೊಂಡ ಹೋಗ್ತೇನಿ, ಏಳು. ಯಾರ ಏನ ಅಂತಾರ ನೋಡೂಣು" ಎಂದರು ನನ್ನ ಗಂಡ.

"ಬ್ಯಾಡ್ರಿ" ಎಂದೆ. ಬ್ಯಾಗಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಟ್ರಂಕಿಗೆ ಹಾಕಿದೆ. ಸುಭಾಸನ ಮೇಲೆ ಸಿಟ್ಟು ಮುಗಿದಿತ್ತು. ಈಗ ಇದ್ದದ್ದು ಪೂಜಾಳ ಮೇಲೆ. ಅವಳ ತಂಗಿಗೆ ಬರುವ ಮಾಘದಲ್ಲಿ ಮದುವೆಯಂತೆ; ಹುಡುಗ ಯಾವ ಊರಿನವನು ಎಂದು ಮೆಲ್ಲಗೆ ವಿಚಾರಿಸಬೇಕು.